ಹನ್ನೊಂದು ನಿಮಿಷದ ರೀಲು

1950ರ ದಶಕದಲ್ಲಿ ಅಮೆರಿಕದ ಶಾಲೆಗಳಿಗೆ ಬರುತ್ತಿದ್ದ ಪಾಠದ ಸಿನಿಮಾಗಳಲ್ಲಿ ಹೆಚ್ಚಿನವು ಹತ್ತು ಹನ್ನೊಂದು ನಿಮಿಷಕ್ಕೆ ಮುಗಿಯುತ್ತಿದ್ದವು. ಕಪ್ಪೆಯ ಬೆಳವಣಿಗೆಯಿರಲಿ, ಜ್ವಾಲಾಮುಖಿಯಿರಲಿ, ಹಲ್ಲುಜ್ಜುವ ಕ್ರಮವಿರಲಿ, ಅಳತೆ ಮಾತ್ರ ಅದೇ. ಈ ಅಳತೆಯ ಮೂಲ ಫಿಲ್ಮಿನ ಡಬ್ಬಿಯಲ್ಲೇ ಇದೆ. 16 ಮಿಲಿಮೀಟರ್ ಅಗಲದ ಫಿಲ್ಮಿನಲ್ಲಿ ಅಡಿಗೆ 40 ಚಿತ್ರ. ಸೆಕೆಂಡಿಗೆ 24 ಚಿತ್ರದಂತೆ ಓಡಿಸಿದರೆ ನಿಮಿಷಕ್ಕೆ 36 ಅಡಿ ಸರಿಯುತ್ತದೆ. ಮಾಮೂಲಿ ರೀಲು 400 ಅಡಿಯದು. ಭಾಗಿಸಿದರೆ ಹನ್ನೊಂದು ನಿಮಿಷ, ಮೇಲೆ ಕೆಲವು ಸೆಕೆಂಡು.

ಈ ಅಳತೆ ಮೇಷ್ಟ್ರುಗಳಿಗೂ ಹಿಡಿಸಿತು. ನಲವತ್ತು ನಿಮಿಷದ ಪೀರಿಯಡ್ಡಿನಲ್ಲಿ ಹನ್ನೊಂದು ನಿಮಿಷ ಪರದೆಗೆ ಹೋದರೂ ಉಳಿದ ಹೊತ್ತು ಅವರದೇ. ಏನನ್ನು ಗಮನಿಸಬೇಕೆಂದು ಮೊದಲೇ ಹೇಳಬಹುದು, ಮುಗಿದ ಮೇಲೆ ಏನು ಕಂಡಿತೆಂದು ಕೇಳಬಹುದು, ಬೇಕೆನಿಸಿದರೆ ಇನ್ನೊಮ್ಮೆ ಓಡಿಸಬಹುದು. ಹಿಂದೊಂದು ಮಾತು, ಮುಂದೊಂದು ಮಾತು ಇದ್ದಲ್ಲೇ ಈ ಸಿನಿಮಾಗಳು ಕಲಿಸಿದವು ಎಂಬುದು ನನ್ನ ದೃಢವಾದ ನಂಬಿಕೆ. ಅದು ಹೇಗೆಂದು ಹೇಳಬೇಕಾದರೆ ಯಂತ್ರದಿಂದಲೇ ಶುರುಮಾಡಬೇಕು.

ಕೊಡಾಕ್ ಕಂಪನಿ 16 ಎಂಎಂ ಫಿಲ್ಮನ್ನು ಮಾರುಕಟ್ಟೆಗೆ ತಂದದ್ದು 1923ರಲ್ಲಿ. ಆಗ ಚಿತ್ರಮಂದಿರಗಳಲ್ಲಿ ಓಡುತ್ತಿದ್ದ 35 ಎಂಎಂ ಫಿಲ್ಮ್ ನೈಟ್ರೇಟಿನದು. ಒಮ್ಮೆ ಹೊತ್ತಿಕೊಂಡರೆ ಆರಿಸಲಾಗದ ಬೆಂಕಿ ಅದು. 16 ಎಂಎಂ ಫಿಲ್ಮನ್ನು ಮೊದಲಿನಿಂದಲೂ ಅಸಿಟೇಟಿನಲ್ಲೇ ಮಾಡಿದ್ದರಿಂದ ಆ ಭಯವಿರಲಿಲ್ಲ. ಮಕ್ಕಳು ಕೂತ ಕೋಣೆಯ ನಡುವೆ ಮೇಜಿನ ಮೇಲೆ ಪ್ರೊಜೆಕ್ಟರ್ ಇಡುವುದು ಸಾಧ್ಯವಾದದ್ದೇ ಇದರಿಂದ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯ ಲಕ್ಷಾಂತರ ಜನರಿಗೆ ಸಿನಿಮಾ ತೋರಿಸಿಯೇ ತರಬೇತಿ ಕೊಟ್ಟಿತ್ತು. ಯುದ್ಧ ಮುಗಿದಾಗ ಉಳಿದ ಪ್ರೊಜೆಕ್ಟರುಗಳು ಶಾಲೆಗಳಿಗೆ ಬಂದವು, ಅವನ್ನು ಓಡಿಸಲು ಬಲ್ಲವರೂ ಊರಿಗೆ ಮರಳಿದ್ದರು.

ಇಂಥ ಒಂದು ಯಂತ್ರಕ್ಕೆ ರೀಲು ಹಾಕುವುದನ್ನು ನಾನು ಕೈಯಾರೆ ಕಲಿತಿದ್ದೇನೆ. ತುಂಬಿದ ರೀಲನ್ನು ಮುಂದಿನ ತೋಳಿಗೆ, ಖಾಲಿಯದನ್ನು ಹಿಂದಿನ ತೋಳಿಗೆ ಸಿಕ್ಕಿಸಬೇಕು. ಫಿಲ್ಮಿನ ತೂತುಗಳನ್ನು ಹಲ್ಲುಚಕ್ರಕ್ಕೆ ಕೂರಿಸಿ, ಅಲ್ಲೊಂದು ಸಡಿಲವಾದ ಕುಣಿಕೆ ಬಿಟ್ಟು, ಬಲ್ಬಿಗೂ ಲೆನ್ಸಿಗೂ ನಡುವಿನ ಗೇಟಿನೊಳಗೆ ಇಳಿಸಬೇಕು. ಗೇಟಿನ ಕೆಳಗೆ ಇನ್ನೊಂದು ಕುಣಿಕೆ. ಆಮೇಲೆ ಧ್ವನಿಯ ಉರುಳೆಯನ್ನು ಸುತ್ತಿ, ಮತ್ತೊಂದು ಹಲ್ಲುಚಕ್ರ ಹಾಯ್ದು, ಖಾಲಿ ರೀಲಿಗೆ.

ಕುಣಿಕೆ ಏಕೆ ಬೇಕೆಂಬುದು ನನಗೆ ಅರ್ಥವಾದದ್ದು ಅದನ್ನು ಬಿಡಲು ಮರೆತ ದಿನ. ಗೇಟಿನಲ್ಲಿ ಫಿಲ್ಮ್ ಹರಿಯುವುದಿಲ್ಲ, ಕುಪ್ಪಳಿಸುತ್ತದೆ. ಉಗುರಿನಂಥ ಕೊಕ್ಕೆಯೊಂದು ತೂತಿಗೆ ಸಿಕ್ಕಿಕೊಂಡು ಒಂದು ಚಿತ್ರದಷ್ಟು ಕೆಳಕ್ಕೆ ಎಳೆದು ಬಿಡುತ್ತದೆ, ಚಿತ್ರ ಕ್ಷಣಕಾಲ ನಿಲ್ಲುತ್ತದೆ, ಮತ್ತೆ ಎಳೆತ. ಎಳೆಯುವಾಗ ತಿರುಗುವ ಷಟರ್ ಬೆಳಕನ್ನು ಮುಚ್ಚುತ್ತದೆ. ನಿಂತ ಚಿತ್ರವನ್ನೂ ಅದು ಒಮ್ಮೆ ಮುಚ್ಚಿ ತೆರೆಯುತ್ತದೆ, ಹಾಗಾಗಿ ಬೆಳಕಿನ ಮಿಣುಕು ಕಣ್ಣಿಗೆ ಬಾಧಿಸುವುದಿಲ್ಲ. ಆದರೆ ಹಲ್ಲುಚಕ್ರಗಳು ಒಂದೇ ಸಮನೆ ತಿರುಗುತ್ತಿರುತ್ತವೆ. ಒಂದು ಕಡೆ ಕುಪ್ಪಳಿಕೆ, ಇನ್ನೊಂದು ಕಡೆ ಸಮವಾದ ಓಟ. ಎರಡನ್ನೂ ಸರಿದೂಗಿಸುವುದು ಆ ಸಡಿಲ ಕುಣಿಕೆ. ನಾನು ಬಿಗಿಯಾಗಿ ಹಾಕಿದ ಫಿಲ್ಮ್ ನಾಲ್ಕು ಸೆಕೆಂಡು ತಡಬಡಿಸಿ, ಗೇಣುದ್ದಕ್ಕೂ ತೂತುಗಳನ್ನು ಹರಿದುಕೊಂಡಿತು.

ಧ್ವನಿಯೂ ಅದೇ ಫಿಲ್ಮಿನ ಅಂಚಿನಲ್ಲಿರುತ್ತದೆ. ಮೂಕಿ ಫಿಲ್ಮಿಗೆ ಎರಡೂ ಬದಿ ತೂತು. ಧ್ವನಿ ಸೇರಿದಾಗ ಒಂದು ಬದಿಯ ತೂತು ತೆಗೆದು ಅಲ್ಲಿ ಧ್ವನಿಯ ಪಟ್ಟಿ ಅಚ್ಚು ಹಾಕಿದರು. ಚಿಕ್ಕ ಬಲ್ಬೊಂದರ ಬೆಳಕು ಸಣ್ಣ ಸೀಳಿನಿಂದ ಆ ಪಟ್ಟಿಯನ್ನು ಹಾಯ್ದು ಫೋಟೊಸೆಲ್ಲಿಗೆ ಬೀಳುತ್ತದೆ. ಪಟ್ಟಿಯ ಏರಿಳಿತಕ್ಕೆ ತಕ್ಕಂತೆ ಬೆಳಕು ಹೆಚ್ಚುಕಡಿಮೆಯಾಗಿ ಅದೇ ಸ್ಪೀಕರಿನಲ್ಲಿ ಮಾತಾಗುತ್ತದೆ. ಕುಪ್ಪಳಿಸುವ ಗೇಟಿನಲ್ಲಿ ಧ್ವನಿಯನ್ನು ಓದಲಾಗದು. ಅದಕ್ಕೇ ಪ್ರತಿ ಚಿತ್ರದ ಧ್ವನಿ ಅದಕ್ಕಿಂತ 26 ಚಿತ್ರಗಳಷ್ಟು, ಅಂದರೆ ಸುಮಾರು 20 ಸೆಂಟಿಮೀಟರ್, ಮುಂದಿರುತ್ತದೆ. ಕೆಳಗಿನ ಕುಣಿಕೆ ಹೆಚ್ಚು ಉದ್ದವಾದರೆ ತುಟಿ ಒಂದು ಕಡೆ, ಮಾತು ಇನ್ನೊಂದು ಕಡೆ.

ತುಟಿಯ ಗೊಡವೆಯೇ ಬೇಡವೆಂದು ಬಿಟ್ಟ ಸಿನಿಮಾಗಳೂ ಬಹಳ. ಕೀ ಕೊಟ್ಟರೆ ಅರ್ಧ ನಿಮಿಷದಷ್ಟು ಓಡುವ ಸ್ಪ್ರಿಂಗ್ ಕ್ಯಾಮೆರಾದಲ್ಲಿ ಧ್ವನಿಯಿಲ್ಲದೆ ಚಿತ್ರೀಕರಿಸಿ, ಮೇಲೆ ಒಬ್ಬರ ಹಿನ್ನೆಲೆ ದನಿ ಸೇರಿಸುತ್ತಿದ್ದರು. ಖರ್ಚು ಕಡಿಮೆ, ಭಾಷೆ ಬದಲಿಸುವುದೂ ಸುಲಭ. ಮುಂಬಯಿಯಲ್ಲಿ 1948ರಲ್ಲಿ ಆರಂಭವಾದ ನಮ್ಮ ಫಿಲ್ಮ್ಸ್ ಡಿವಿಷನ್ನಿನ ಸಾಕ್ಷ್ಯಚಿತ್ರಗಳು ಮುಂದೆ ಕನ್ನಡವೂ ಸೇರಿ ಹತ್ತಾರು ಭಾಷೆಗಳಲ್ಲಿ ಹೊರಬಂದದ್ದು ಇದೇ ಉಪಾಯದಿಂದ. ಚಿತ್ರ ಒಂದೇ, ದನಿ ಬೇರೆ.

ಕಪ್ಪುಹಲಗೆಗೆ ಸಾಧ್ಯವಾಗದ್ದನ್ನು ಫಿಲ್ಮ್ ಮಾಡುವುದು ಕಾಲದ ವಿಷಯದಲ್ಲಿ. ಅವರೆಕಾಳಿನ ಮೊಳಕೆಯ ಮುಂದೆ ಕ್ಯಾಮೆರಾ ನಿಲ್ಲಿಸಿ ಅರ್ಧ ಗಂಟೆಗೊಂದು ಚಿತ್ರ ತೆಗೆದರೆ ದಿನಕ್ಕೆ 48 ಚಿತ್ರ, ಪರದೆಯ ಮೇಲೆ ಎರಡು ಸೆಕೆಂಡು. ಹತ್ತು ದಿನದ ಬೆಳವಣಿಗೆ ಇಪ್ಪತ್ತು ಸೆಕೆಂಡಿನಲ್ಲಿ ಕಣ್ಣಮುಂದೆ. ಕಾಂಡ ನೆಟ್ಟಗೆ ಏಳದೆ ತೂಗಾಡುತ್ತ, ಹುಡುಕುತ್ತ ಮೇಲೇರುವುದು ಆಗ ಕಾಣುತ್ತದೆ. ಸೆಕೆಂಡಿಗೆ 96 ಚಿತ್ರ ತೆಗೆದು 24ರಂತೆ ಓಡಿಸಿದರೆ ಹಕ್ಕಿಯ ರೆಕ್ಕೆ ನಾಲ್ಕು ಪಟ್ಟು ನಿಧಾನವಾಗುತ್ತದೆ.

ಇಂಥ ಸಿನಿಮಾಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು 1960ರ ‘ಫ್ರೇಮ್ಸ್ ಆಫ್ ರೆಫರೆನ್ಸ್’. ಎಂಐಟಿಯಲ್ಲಿ 1956ರಲ್ಲಿ ಜೆರಾಲ್ಡ್ ಝಕರಾಯಸ್ ನೇತೃತ್ವದಲ್ಲಿ ಹೈಸ್ಕೂಲಿನ ಭೌತಶಾಸ್ತ್ರವನ್ನು ಹೊಸದಾಗಿ ಕಟ್ಟಲು ಕೂತ ಸಮಿತಿಗಾಗಿ ಮಾಡಿದ್ದು. ಟೊರೊಂಟೊ ವಿಶ್ವವಿದ್ಯಾಲಯದ ಪ್ಯಾಟರ್ಸನ್ ಹ್ಯೂಮ್ ಮತ್ತು ಡೊನಾಲ್ಡ್ ಐವಿ ಇದರ ಮೇಷ್ಟ್ರುಗಳು. ಆರಂಭದಲ್ಲಿ ಒಬ್ಬರು ನೆಟ್ಟಗಿದ್ದಾರೆ, ಇನ್ನೊಬ್ಬರು ತಲೆಕೆಳಗಾಗಿದ್ದಾರೆ. ತಲೆಕೆಳಗಾಗಿರುವುದು ನೀನೇ ಎಂದು ಇಬ್ಬರ ವಾದ. ಆಮೇಲೆ ಸರಿಯುವ ಗಾಡಿಯೊಂದರಿಂದ ಉಕ್ಕಿನ ಗುಂಡು ಬೀಳಿಸುತ್ತಾರೆ. ಗಾಡಿಗೇ ಕಟ್ಟಿದ ಕ್ಯಾಮೆರಾಗೆ ಗುಂಡು ಸೀದಾ ಕೆಳಗೆ ಬಿದ್ದಂತೆ ಕಾಣುತ್ತದೆ, ನೆಲದ ಮೇಲಿನ ಕ್ಯಾಮೆರಾಗೆ ಬಾಗಿ ಬಿದ್ದಂತೆ. ‘ನೋಡುವವನ ನೆಲೆ’ ಎಂದು ಪುಸ್ತಕದಲ್ಲಿ ಎರಡು ಪುಟ ಬರೆದರೂ ತಿಳಿಯದ್ದು ಇಲ್ಲಿ ಎರಡು ನೋಟಗಳಲ್ಲಿ ತಿಳಿಯುತ್ತದೆ. ಸ್ಪುಟ್ನಿಕ್ ಹಾರಿದ ಮರುವರ್ಷ, 1958ರಲ್ಲಿ, ಅಮೆರಿಕದ ಕಾಂಗ್ರೆಸ್ ಮಾಡಿದ ಕಾನೂನಿನಿಂದ ವಿಜ್ಞಾನ ಪಾಠದ ಸಲಕರಣೆಗೆ ಕೇಂದ್ರದ ಹಣ ಹರಿಯಿತು; ಪ್ರೊಜೆಕ್ಟರುಗಳೂ ಅದರಲ್ಲಿ ಸೇರಿದ್ದವು.

ರೀಲು ಶಾಲೆಗೆ ಬರುತ್ತಿದ್ದದ್ದು ಹೆಚ್ಚಾಗಿ ಎರವಲಾಗಿ. ಇಂಡಿಯಾನಾದಂಥ ವಿಶ್ವವಿದ್ಯಾಲಯಗಳು ದೊಡ್ಡ ಫಿಲ್ಮ್ ಗ್ರಂಥಾಲಯ ಇಟ್ಟುಕೊಂಡು, ಬೆಲ್ಟು ಬಿಗಿದ ಪೆಟ್ಟಿಗೆಗಳಲ್ಲಿ ಕಳಿಸುತ್ತಿದ್ದವು. ಮುಂಗಡವಾಗಿ ಕಾದಿರಿಸಬೇಕು, ಹೇಳಿದ ದಿನ ವಾಪಸ್ ಕಳಿಸಬೇಕು. ಕಪ್ಪೆಯ ಪಾಠ ಮುಗಿದ ವಾರ ಕಪ್ಪೆಯ ರೀಲು ಬಂದರೆ ಅರ್ಧ ಪ್ರಯೋಜನ ಹೋದಂತೆಯೇ. ಒಳ್ಳೆಯ ತಯಾರಕರು ರೀಲಿನ ಜೊತೆ ಮೇಷ್ಟ್ರಿಗೊಂದು ಕೈಪಿಡಿಯನ್ನೂ ಮಾಡುತ್ತಿದ್ದರು. 1943ರಲ್ಲಿ ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾ ಸಂಸ್ಥೆ ಪಾಠದ ಸಿನಿಮಾ ಮಾಡುತ್ತಿದ್ದ ‘ಎರ್ಪಿ’ ಕಂಪನಿಯನ್ನು ಕೊಂಡು ಈ ಕೆಲಸವನ್ನು ಮುಂದುವರಿಸಿತು.

ಶಾಲೆಯ ಹೊರಗೆ ಇದೇ ರೀಲು ಹೇಗೆ ಕೆಲಸ ಮಾಡಿತೆಂದು ನೋಡಲು ಕೆನಡಾಕ್ಕೆ ಹೋಗಬೇಕು. ಜಾನ್ ಗ್ರಿಯರ್ಸನ್ ಮುನ್ನಡೆಸುತ್ತಿದ್ದ ನ್ಯಾಷನಲ್ ಫಿಲ್ಮ್ ಬೋರ್ಡ್ 1942ರಲ್ಲಿ ಹಳ್ಳಿಗಳಿಗೆ ಸುತ್ತು ಶುರುಮಾಡಿತು. ಪ್ರೊಜೆಕ್ಟರ್, ಪರದೆ, ಕರೆಂಟಿಲ್ಲದ ಕಡೆಗೆ ಜನರೇಟರ್ ಹೊತ್ತ ಒಬ್ಬ ಮನುಷ್ಯ ತಿಂಗಳಿಗೆ ಇಪ್ಪತ್ತರಷ್ಟು ಊರು ತಿರುಗುತ್ತಿದ್ದ. ಮಧ್ಯಾಹ್ನ ಶಾಲೆಯ ಮಕ್ಕಳಿಗೆ, ಸಂಜೆ ದೊಡ್ಡವರಿಗೆ. ನಮ್ಮ ಟೂರಿಂಗ್ ಟಾಕೀಸಿನ ತಿರುಗಾಟ ಬಲ್ಲವರಿಗೆ ಇದು ಸುಲಭವಾಗಿ ಕಣ್ಣಿಗೆ ಕಟ್ಟುತ್ತದೆ, ಆದರೆ ಇಲ್ಲಿ ರೀಲು ಮುಗಿದೊಡನೆ ಜನ ಏಳುತ್ತಿರಲಿಲ್ಲ. ಬೆಳೆ, ಆರೋಗ್ಯ, ಯುದ್ಧದ ಕೆಲಸ ಎಂದು ಮಾತುಕತೆ ನಡೆಯುತ್ತಿತ್ತು. ಚರ್ಚೆಗೆ ಎಳೆಯಲೆಂದೇ ಬೋರ್ಡು ಪುಟ್ಟ ಸಿನಿಮಾಗಳನ್ನೂ ಮಾಡಿತು. ಯುದ್ಧದ ನಂತರ ಹಣ ಕಡಿಮೆಯಾದಾಗ ಊರುಗಳವರೇ ಫಿಲ್ಮ್ ಸಮಿತಿ ಕಟ್ಟಿಕೊಂಡು ನಡೆಸಿದರು. ನನ್ನ ಮಟ್ಟಿಗೆ ಈ ಇಡೀ ಇತಿಹಾಸದಲ್ಲಿ ಇದು ಅತ್ಯಂತ ಹೆಮ್ಮೆಯ ಸಂಗತಿ.

ಮಾತುಕತೆ ಇಲ್ಲದ ಕಡೆ ಇದೇ ಸಾಧನ ಅಪಾಯಕಾರಿಯೂ ಆಗಿತ್ತು. 1951ರಲ್ಲಿ ತಯಾರಾದ ‘ಡಕ್ ಅಂಡ್ ಕವರ್’ನಲ್ಲಿ ಬರ್ಟ್ ಎಂಬ ಆಮೆ ಚಿಪ್ಪಿನೊಳಗೆ ಸೇರಿಕೊಂಡು ಮಕ್ಕಳಿಗೆ ಅಣುಬಾಂಬಿನಿಂದ ತಲೆ ಕಾಪಾಡಿಕೊಳ್ಳುವುದನ್ನು ಹೇಳಿಕೊಡುತ್ತದೆ. ಮಗು ಮೇಜಿನ ಕೆಳಗೆ ಬಾಗಿದಾಗ ಅದರ ಮನಸ್ಸಿನಲ್ಲಿ ಏಳುವ ಪ್ರಶ್ನೆಗೆ ಒಂಬತ್ತು ನಿಮಿಷದ ಆ ಸಿನಿಮಾದಲ್ಲಿ ಜಾಗವಿಲ್ಲ. ಕೊರೊನೆಟ್ ಕಂಪನಿ ಹದಿಹರೆಯದವರಿಗೆ ನಡತೆ ಕಲಿಸಲು ಮಾಡಿದ ಸಿನಿಮಾಗಳಲ್ಲಿ ಬಹುಪಾಲು ಬಿಳಿಯ, ಅನುಕೂಲಸ್ಥ ಮನೆಗಳೇ ಕಾಣುತ್ತವೆ. ಪರದೆಯಲ್ಲಿ ತನ್ನ ಮನೆಯಂಥ ಮನೆಯನ್ನೇ ಕಾಣದ ಮಗುವಿನ ಜೊತೆ ಮಾತಾಡಲು ಮೇಷ್ಟ್ರು ಬೇಕೇ ಬೇಕಿತ್ತು.

ಇಂದು ಹಳೆಯ ಶಾಲೆಯ, ತರಬೇತಿ ಕಾಲೇಜಿನ ಬೀರುವಿನಲ್ಲಿ ಇಂಥ ಡಬ್ಬಿ ಸಿಕ್ಕರೆ ಮೊದಲು ಮೂಸಿ ನೋಡಿ. ವಿನೆಗರಿನ ಹುಳಿ ವಾಸನೆ ಬಂದರೆ ಅಸಿಟೇಟ್ ಕೊಳೆಯತೊಡಗಿದೆ ಎಂದರ್ಥ. ಅದನ್ನು ಬೇರೆ ರೀಲುಗಳಿಂದ ದೂರವಿಡಿ; ಆ ಆಮ್ಲ ಪಕ್ಕದವನ್ನೂ ಕೆಡಿಸುತ್ತದೆ. ಯಂತ್ರಕ್ಕೆ ಹಾಕಲೇಬೇಡಿ, ಕುಗ್ಗಿದ ಫಿಲ್ಮಿನ ತೂತು ಹಲ್ಲುಚಕ್ರಕ್ಕೆ ಹೊಂದುವುದಿಲ್ಲ, ಹರಿಯುತ್ತದೆ. ತಂಪಾದ, ಒಣಗಿದ ಜಾಗದಲ್ಲಿಟ್ಟು, ಸ್ಕ್ಯಾನ್ ಮಾಡಬಲ್ಲವರಿಗೆ ಸುದ್ದಿ ಮುಟ್ಟಿಸಿ. ಬಣ್ಣದ ಪ್ರತಿ ಕೆಂಪಗೆ ತಿರುಗಿದ್ದರೂ ಎಸೆಯಬೇಡಿ, ಚಿತ್ರ ಇನ್ನೂ ಉಳಿದಿರುತ್ತದೆ. ಡಬ್ಬಿಯ ಅಡಿಯಲ್ಲಿ ಮಡಚಿಟ್ಟ ನಾಲ್ಕು ಪುಟದ ಕೈಪಿಡಿ ಇದೆಯೇ ಎಂದೂ ನೋಡಿ. ಹುಳಿ ತಾಗದಂತೆ ಅದನ್ನು ಬೇರೆ ಲಕೋಟೆಗೆ ಹಾಕಿ, ಮೇಲೆ ರೀಲಿನ ಹೆಸರು ಬರೆದು, ಮೇಷ್ಟ್ರು ಅಂಚಿನಲ್ಲಿ ಪೆನ್ಸಿಲಿನಿಂದ ಬರೆದುಕೊಂಡ ಪ್ರಶ್ನೆಗಳು ಅಳಿಸದಂತೆ ಇಡಿ.