ಗೊರಕೆ : ಕಾರಣ ಮತ್ತು ಚಿಕಿತ್ಸೆ

ಕುಂಭಕರ್ಣನ ಕಥೆಯನ್ನು ಕೇಳಿ ಬೆಳೆದ ನಮ್ಮ ಜನಕ್ಕೆ ಗೊರಕೆಯೆಂದರೆ ಗಾಢನಿದ್ರೆಯ ಗುರುತು. ಗೊರಕೆ ಹೊಡೆಯುತ್ತಿರುವವನನ್ನು ಕಂಡು ‘ಪುಣ್ಯವಂತ, ಚಿಂತೆಯಿಲ್ಲದೆ ಮಲಗಿದ್ದಾನೆ’ ಎನ್ನುವುದುಂಟು. ಅವನಿಗಂತೂ ತನ್ನ ಸದ್ದು ಕೇಳಿಸದು. ಸಂಕಟವೆಲ್ಲ ಪಕ್ಕದಲ್ಲಿ ಮಲಗಿದವರದು. ಆದ್ದರಿಂದಲೇ ಇದು ಬಹುಕಾಲ ನಗೆಯ ವಸ್ತುವಾಗಿ ಉಳಿಯಿತೇ ಹೊರತು ವೈದ್ಯರ ಮುಂದೆ ಹೇಳಿಕೊಳ್ಳಬೇಕಾದ ತೊಂದರೆಯೆನಿಸಲಿಲ್ಲ.

ಎಚ್ಚರದಲ್ಲಿರುವಾಗ ಗಂಟಲಿನ ಸ್ನಾಯುಗಳು ಬಿಗಿಯಾಗಿದ್ದು ಉಸಿರಿನ ಹಾದಿಯನ್ನು ತೆರೆದಿಟ್ಟಿರುತ್ತವೆ. ನಿದ್ರೆ ಹತ್ತಿದೊಡನೆ ಅವು ಸಡಿಲಗೊಳ್ಳುತ್ತವೆ. ಅಂಗಾತ ಮಲಗಿದವನ ನಾಲಗೆಯ ಬುಡ ಹಿಂದಕ್ಕೆ ಜಾರುತ್ತದೆ. ಹೀಗೆ ಇಕ್ಕಟ್ಟಾದ ಹಾದಿಯಲ್ಲಿ ಗಾಳಿಯು ರಭಸದಿಂದ ನುಗ್ಗುವಾಗ ಮೃದುವಾದ ಅಂಗುಳೂ ಕಿರುನಾಲಗೆಯೂ ಗಾಳಿಗೆ ಸಿಕ್ಕ ಬಾವುಟದಂತೆ ಅದುರುತ್ತವೆ. ಆ ಅದುರುವಿಕೆಯ ಸದ್ದೇ ಗೊರಕೆ. ಕುತ್ತಿಗೆಯ ಸುತ್ತ ಬೆಳೆದ ಕೊಬ್ಬು, ಮೂಗಿನ ಕಟ್ಟುವಿಕೆ, ಮದ್ಯ, ನಿದ್ರೆಯ ಗುಳಿಗೆ ಇವೆಲ್ಲ ಅದನ್ನು ಹೆಚ್ಚಿಸುತ್ತವೆ.

ಸದ್ದಿಗಿಂತಲೂ ಭಯಪಡಬೇಕಾದುದು ನಡುವೆ ಬರುವ ಮೌನಕ್ಕೆ. ಗೊರಕೆ ಹಠಾತ್ತನೆ ನಿಂತು, ಉಸಿರು ಕಟ್ಟಿ, ಸ್ವಲ್ಪ ಹೊತ್ತಿನ ಮೇಲೆ ಏದುಸಿರಿನೊಡನೆ ಮತ್ತೆ ಆರಂಭವಾದರೆ, ಅದು ಬರಿಯ ಗೊರಕೆಯಲ್ಲ; ‘ಸ್ಲೀಪ್ ಅಪ್ನಿಯ’ ಎಂಬ ನಿದ್ರಾ ಶ್ವಾಸಸ್ತಂಭನ ಇರಬಹುದು. ಹತ್ತು ಸೆಕೆಂಡು ಅಥವಾ ಅದಕ್ಕೂ ಹೆಚ್ಚು ಹೊತ್ತು ಉಸಿರು ನಿಂತರೆ ಅದನ್ನು ಒಂದು ಸ್ತಂಭನವೆಂದು ಎಣಿಸುತ್ತಾರೆ. ಪ್ರತಿಸಲವೂ ರಕ್ತದ ಆಮ್ಲಜನಕ ಇಳಿಯಬಹುದು. ಮಿದುಳು ಅರೆಕ್ಷಣ ಎಚ್ಚೆತ್ತು ಗಂಟಲನ್ನು ತೆರೆಯುತ್ತದೆ. ಪೂರ್ಣ ಹಾಗೂ ಅರ್ಧ ತಡೆಗಳೆರಡೂ ಸೇರಿ ಗಂಟೆಗೆ 5ಕ್ಕಿಂತ ಕಡಿಮೆಯಿದ್ದರೆ ವಯಸ್ಕರಲ್ಲಿ ಚಿಂತೆಯಿಲ್ಲ; 30ನ್ನು ಮೀರಿದರೆ ರೋಗ ತೀವ್ರವೆಂದು ಲೆಕ್ಕ. ರಕ್ತದೊತ್ತಡ, ಹೃದ್ರೋಗ, ಹಗಲು ತೂಕಡಿಕೆ, ವಾಹನ ನಡೆಸುವಾಗಿನ ಅಪಘಾತ ಇವುಗಳ ಬೇರು ಎಷ್ಟೋ ವೇಳೆ ಇಲ್ಲಿರುತ್ತದೆ. ಚಾರ್ಲ್ಸ್ ಡಿಕನ್ಸನು 1836-37ರ ‘ಪಿಕ್‌ವಿಕ್ ಪೇಪರ್ಸ್’ ಕಾದಂಬರಿಯಲ್ಲಿ ನಿಂತಲ್ಲೇ ನಿದ್ದೆಹೋಗುವ ಸ್ಥೂಲಕಾಯದ ಹುಡುಗನನ್ನು ಚಿತ್ರಿಸಿ ಓದುಗರನ್ನು ನಗಿಸಿದನು. 1956ರಲ್ಲಿ ಅಮೆರಿಕದ ವೈದ್ಯರು ಅಂಥದೇ ಲಕ್ಷಣಗಳುಳ್ಳ ರೋಗಕ್ಕೆ ಆ ಕಾದಂಬರಿಯ ಹೆಸರನ್ನೇ ಇಟ್ಟರು.

ಆದುದರಿಂದ ಚಿಕಿತ್ಸೆಗೆ ಮೊದಲು ಪರೀಕ್ಷೆ ಅಗತ್ಯ. ಒಂದು ರಾತ್ರಿಯ ನಿದ್ರೆಯಲ್ಲಿ ಉಸಿರು, ನಾಡಿ, ಆಮ್ಲಜನಕಗಳನ್ನು ಯಂತ್ರಗಳಿಂದ ದಾಖಲಿಸುತ್ತಾರೆ. ಪಕ್ಕದಲ್ಲಿ ಮಲಗುವವರ ಸಾಕ್ಷ್ಯವೂ ವೈದ್ಯರಿಗೆ ಅಷ್ಟೇ ಬೆಲೆಯುಳ್ಳದ್ದು.

ಬರಿಯ ಗೊರಕೆಯಾದರೆ ಮಗ್ಗುಲಾಗಿ ಮಲಗುವುದು, ರಾತ್ರಿಯ ಮದ್ಯವನ್ನು ಬಿಡುವುದು, ಮೈತೂಕ ಇಳಿಸುವುದು ಇವೇ ಮೊದಲ ಮದ್ದು. ಅಂಗಾತ ಹೊರಳದಿರಲೆಂದು ಅಂಗಿಯ ಬೆನ್ನಿಗೆ ಚೆಂಡನ್ನು ಹೊಲಿದುಕೊಳ್ಳುವ ಹಳೆಯ ಉಪಾಯ ನಗೆಪಾಟಲೆನಿಸಿದರೂ ಹಲವರಿಗೆ ಫಲ ಕೊಟ್ಟಿದೆ. ಮೂಗು ಬಿಡಿಸುವ ಹನಿಗಳನ್ನು ಮಾತ್ರ ಕೆಲವೇ ದಿನ ಬಳಸತಕ್ಕದ್ದು; ಅತಿಯಾದರೆ ಮೂಗು ಇನ್ನಷ್ಟು ಕಟ್ಟುತ್ತದೆ.

ತೀವ್ರವಾದ ಶ್ವಾಸಸ್ತಂಭನಕ್ಕೆ ಒಂದು ಕಾಲದಲ್ಲಿ ಕುತ್ತಿಗೆಯಲ್ಲಿ ರಂಧ್ರ ಕೊರೆದು ಉಸಿರಾಟಕ್ಕೆ ಬೇರೆ ದಾರಿ ಮಾಡುವುದೇ ಖಚಿತ ಪರಿಹಾರವಾಗಿತ್ತು. ಆಸ್ಟ್ರೇಲಿಯದ ಸಿಡ್ನಿಯಲ್ಲಿ ಕಾಲಿನ್ ಸಲ್ಲಿವನ್ ಎಂಬ ವೈದ್ಯರು ಇದನ್ನು ತಪ್ಪಿಸುವ ಮಾರ್ಗ ಹುಡುಕಿದರು. ಮೂಗಿನ ಮುಸುಕಿನ ಮೂಲಕ ಸತತವಾಗಿ ಗಾಳಿಯನ್ನು ಒತ್ತಿ ಕಳುಹಿಸಿದರೆ ಆ ಒತ್ತಡವೇ ಗಂಟಲು ಕುಸಿಯದಂತೆ ಒಳಗಿನಿಂದ ಊರುಗೋಲಾಗುತ್ತದೆಂದು ಅವರು 1981ರಲ್ಲಿ ಪ್ರಕಟಿಸಿದರು. ‘ಸಿಪ್ಯಾಪ್’ ಎಂಬ ಈ ಯಂತ್ರ ಇಂದಿಗೂ ಪ್ರಧಾನ ಚಿಕಿತ್ಸೆ. ಆದರೆ ಇದು ರೋಗವನ್ನು ಗುಣಪಡಿಸದು, ತಡೆಹಿಡಿಯುತ್ತದೆ ಅಷ್ಟೇ. ಮುಸುಕನ್ನು ತೆಗೆದಿಟ್ಟ ರಾತ್ರಿ ಸ್ತಂಭನ ಮರಳುತ್ತದೆ. ಕಿರಿಕಿರಿಯೆಂದು ಯಂತ್ರವನ್ನು ಮೂಲೆಗೆ ಸೇರಿಸುವವರು ಕಡಿಮೆಯಲ್ಲ. ಅಂಥವರು ಬೇರೆ ಅಳತೆಯ ಮುಸುಕು ಸಿಕ್ಕೀತೇ ಎಂದು ಮೊದಲು ವಿಚಾರಿಸುವುದು ಮೇಲು.

ಕೆಳದವಡೆಯನ್ನು ಮುಂದಕ್ಕೆ ಹಿಡಿದಿಡುವ, ದಂತವೈದ್ಯರು ಮಾಡಿಕೊಡುವ ಸಾಧನವು ಸೌಮ್ಯ ಹಾಗೂ ಮಧ್ಯಮ ರೋಗಕ್ಕೆ ಒದಗುತ್ತದೆ. ಅಂಗುಳಿನ ಶಸ್ತ್ರಚಿಕಿತ್ಸೆಯ ಫಲ ಎಲ್ಲರಲ್ಲೂ ಒಂದೇ ತೆರನಲ್ಲ. ತಡೆ ಯಾವ ಎಡೆಯಲ್ಲಿದೆಯೆಂದು ತಿಳಿಯದೆ ಕತ್ತರಿ ಹಿಡಿಯುವುದು ಸಲ್ಲದು. ಸ್ಥೂಲಕಾಯದ ರೋಗಿಗಳಿಗಾಗಿ ಟಿರ್ಜೆಪಟೈಡ್ ಎಂಬ ಚುಚ್ಚುಮದ್ದಿಗೆ 2024ರ ಡಿಸೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಅನುಮತಿ ನೀಡಿತು.

ಮಕ್ಕಳ ಮಾತು ಬೇರೆ, ಶಿಕ್ಷಕರೂ ನಿಲಯಪಾಲಕರೂ ಗಮನಿಸಬೇಕಾದುದು ಇದನ್ನೇ. ನೆಗಡಿಯಿಲ್ಲದ ದಿನಗಳಲ್ಲೂ ಪ್ರತಿರಾತ್ರಿ ಗೊರಕೆ ಹೊಡೆದು, ಬಾಯಿ ತೆರೆದು ಉಸಿರಾಡುವ ಮಗುವಿನಲ್ಲಿ ಟಾನ್ಸಿಲ್ ಹಾಗೂ ಮೂಗಿನ ಹಿಂದಿನ ಅಡೆನಾಯ್ಡ್ ಗ್ರಂಥಿಗಳು ಊದಿರುವ ಸಂಭವ ಹೆಚ್ಚು. ಅಂಥ ಮಗು ತರಗತಿಯಲ್ಲಿ ತೂಕಡಿಸುವುದಕ್ಕಿಂತ ಚಡಪಡಿಸುವುದೇ ಹೆಚ್ಚು. ಪಾಠದಲ್ಲಿ ಗಮನ ನಿಲ್ಲದೆ, ತುಂಟನೆಂಬ ಹೆಸರನ್ನು ಹೊರುತ್ತದೆ. ಪರೀಕ್ಷಿಸಿ ಆ ಗ್ರಂಥಿಗಳನ್ನು ತೆಗೆದರೆ ಬಹುಮಟ್ಟಿನ ಮಕ್ಕಳಲ್ಲಿ ಉಸಿರು ಸರಾಗವಾಗುತ್ತದೆ. ಪ್ರಸಾದನಿಲಯದ ಹಜಾರದಲ್ಲಿ ಸಾಲಾಗಿ ಮಲಗಿದ ಮಕ್ಕಳ ನಡುವೆ ಇಂಥದನ್ನು ಕಂಡ ನಿಲಯಪಾಲಕರು ತಂದೆತಾಯಿಗಳಿಗೆ ಒಂದು ಕಾಗದ ಬರೆದು, ಕಿವಿ-ಮೂಗು-ಗಂಟಲಿನ ವೈದ್ಯರಿಗೆ ತೋರಿಸುವಂತೆ ತಿಳಿಸಬಹುದು.