ಕೆಚಾಕ್: ಕೊರಳೇ ಮೇಳವಾದ ಕಥೆ

ಸಂಜೆ ಆರರ ಹೊತ್ತಿಗೆ ಉಲುವಾಟು ದೇವಸ್ಥಾನದ ಪಕ್ಕದ ಬಯಲು ರಂಗದಲ್ಲಿ ಕೂರಲು ಜಾಗ ಸಿಗುವುದು ಕಷ್ಟ. ಬಾಲಿ ದ್ವೀಪದ ದಕ್ಷಿಣ ತುದಿಯದು. ಸುಮಾರು 70 ಮೀಟರ್ ಕೆಳಗೆ ಕಡಲು ಬಂಡೆಗೆ ಬಡಿಯುತ್ತಿರುತ್ತದೆ. ನಡುವೆ ಕವಲು ಕವಲಾದ ಎಣ್ಣೆದೀಪ. ಸೊಂಟಕ್ಕೆ ಕಪ್ಪು-ಬಿಳಿ ಚೌಕಳಿಯ ‘ಪೊಲೆಂಗ್’ ಬಟ್ಟೆ ಸುತ್ತಿದ, ಬರಿಮೈಯ ಗಂಡಸರು ಸಾಲಾಗಿ ಬಂದು ದೀಪದ ಸುತ್ತ ಸುತ್ತುಸುತ್ತಾಗಿ ಕೂರುತ್ತಾರೆ. ಚೆಂಡೆಯಿಲ್ಲ, ಮದ್ದಳೆಯಿಲ್ಲ, ಬಾಲಿಯ ಹೆಸರಾಂತ ಕಂಚಿನ ಗಮೆಲಾನ್ ಕೂಡ ಇಲ್ಲ. ‘ಚಾಕ್ ಚಾಕ್ ಚಾಕ್’ ಎಂಬ ಕೂಗೊಂದೇ. ಇದೇ ಕೆಚಾಕ್.

ಕಿವಿಗೊಟ್ಟರೆ ಅದು ಬರೀ ಕೂಗಲ್ಲ ಎಂದು ತಿಳಿಯುತ್ತದೆ. ಒಬ್ಬ ‘ಪುಂಗ್ ಪುಂಗ್’ ಎಂದು ತಾಳ ಹಿಡಿದಿರುತ್ತಾನೆ, ಇನ್ನೊಬ್ಬ ರಾಗ ಎಳೆಯುತ್ತಾನೆ. ಉಳಿದವರು ಗುಂಪುಗಳಾಗಿ ಒಡೆದು, ಒಂದು ಗುಂಪು ಬಿಟ್ಟ ಸಂದಿಗೆ ಇನ್ನೊಂದು ಗುಂಪು ತನ್ನ ‘ಚಾಕ್’ ಸೇರಿಸುತ್ತದೆ. ಗಮೆಲಾನಿನಲ್ಲಿ ಇಬ್ಬರು ವಾದಕರು ಒಂದೇ ನುಡಿಯನ್ನು ಹಂಚಿಕೊಂಡು ನುಡಿಸುವ ಜಾಣ್ಮೆಯೇ ಇಲ್ಲಿ ಕೊರಳಿಗಿಳಿದಿದೆ. ಅಷ್ಟರಲ್ಲಿ ಸೀತೆ ಬರುತ್ತಾಳೆ, ಹೊನ್ನಿನ ಜಿಂಕೆ ಸುಳಿಯುತ್ತದೆ. ಅಲ್ಲಿಂದ ಮುಂದಕ್ಕೆ ಕನ್ನಡಿಗ ಪ್ರೇಕ್ಷಕನಿಗೆ ಯಾರೂ ಏನನ್ನೂ ಬಿಡಿಸಿ ಹೇಳಬೇಕಿಲ್ಲ.

ಬೆಂಕಿ, ಬರಿಮೈ, ದೇವಸ್ಥಾನ ಎಲ್ಲವನ್ನೂ ಕಂಡವರು ಇದು ಸಾವಿರ ವರ್ಷದ ಆಚರಣೆ ಎಂದುಕೊಳ್ಳುತ್ತಾರೆ. ನಿಜಕ್ಕೂ ಈ ರೂಪಕ್ಕೆ ಇನ್ನೂ ನೂರು ತುಂಬಿಲ್ಲ.

ಹಳೆಯದಾಗಿರುವುದು ಆ ‘ಚಾಕ್’ ಮಾತ್ರ. ಅದರ ತವರು ‘ಸಂಘ್ಯಾಂಗ್ ದೆದಾರಿ’ ಎಂಬ ಆಚರಣೆ. ಊರಿಗೆ ರೋಗರುಜಿನ ಹೊಕ್ಕಾಗ, ಕೆಡುಕು ಕಾಡಿದಾಗ ಇನ್ನೂ ಮೈನೆರೆಯದ ಇಬ್ಬರು ಹುಡುಗಿಯರನ್ನು ಧೂಪದ ಹೊಗೆಯ ಮುಂದೆ ಕೂರಿಸುತ್ತಿದ್ದರು. ಹೆಂಗಸರು ಹಾಡುತ್ತಿದ್ದರು. ಹುಡುಗಿಯರ ಮೇಲೆ ಅಪ್ಸರೆಯರು ಬರುತ್ತಿದ್ದರು. ಕಣ್ಣು ಮುಚ್ಚಿಕೊಂಡೇ, ಕೆಲವೊಮ್ಮೆ ಗಂಡಸರ ಹೆಗಲ ಮೇಲೆ ನಿಂತು ಅವರು ಕುಣಿಯುತ್ತಿದ್ದರೆ ಸುತ್ತಲಿನ ಗಂಡಸರದು ‘ಚಾಕ್’ ಮೇಳ. ಅಲ್ಲಿ ರಾಮನಿಲ್ಲ, ರಾವಣನಿಲ್ಲ, ಟಿಕೆಟ್ಟಂತೂ ಇಲ್ಲವೇ ಇಲ್ಲ.

ಆ ಮೇಳ ಆಟವಾದ ಕಥೆ ಡಚ್ಚರ ಆಕ್ರಮಣದಿಂದ ಶುರುವಾಗುತ್ತದೆ. 1906 ಮತ್ತು 1908ರಲ್ಲಿ ಬಾಲಿಯ ಅರಸು ಮನೆತನಗಳು ಡಚ್ಚರ ಬಂದೂಕಿಗೆ ಎದುರು ನಡೆದು ಪ್ರಾಣ ತೆತ್ತವು. ಆ ರಕ್ತಪಾತದ ನಂತರ ಡಚ್ಚರು ಬಾಲಿಯನ್ನು ಜಗತ್ತಿಗೆ ತೋರಿಸಿದ್ದು ಚೆಲುವಿನ ನಾಡು ಎಂದು. 1924ರಲ್ಲಿ ವಾರಕ್ಕೊಮ್ಮೆ ಪ್ರವಾಸಿ ಹಡಗು ಬರತೊಡಗಿತು, 1928ರಲ್ಲಿ ಡೆನ್‌ಪಸಾರಿನಲ್ಲಿ ಬಾಲಿ ಹೋಟೆಲ್ ತೆರೆಯಿತು. ರಷ್ಯಾದಲ್ಲಿ ಹುಟ್ಟಿದ ಜರ್ಮನ್ ಚಿತ್ರಕಾರ ವಾಲ್ಟರ್ ಸ್ಪೀಸ್ 1927ರಲ್ಲಿ ಬಂದು ಉಬುದ್‌ನಲ್ಲಿ ನೆಲೆಸಿದರು. ಬೆದುಲು ಊರಿನಲ್ಲಿ ವಯಾನ್ ಲಿಂಬಾಕ್ ಎಂಬ ನರ್ತಕರಿದ್ದರು. ‘ಬಾರಿಸ್’ ಎಂಬ ವೀರನೃತ್ಯದ ಹೆಜ್ಜೆ, ಕಣ್ಣೋಟಗಳನ್ನು ಲಿಂಬಾಕ್ ಚಾಕ್ ಮೇಳದೊಳಕ್ಕೆ ತಂದರು. ಸ್ಪೀಸ್‌ಗೆ ಅದು ಹಿಡಿಸಿತು. ಅವರಿಬ್ಬರ ಒಡನಾಟದಲ್ಲಿ 1930ರ ದಶಕದಲ್ಲಿ ರಾಮಾಯಣದ ಕಥೆ ಸೇರಿ, ಹೊರಗಿನವರು ಕೂತು ನೋಡಬಹುದಾದ ಆಟವೊಂದು ರೂಪುಗೊಂಡಿತು. ಬೋನಾ ಎಂಬ ಊರಿನವರೂ ಅದನ್ನು ಬೆಳೆಸಿದರು.

ಕೆಚಾಕ್ ಕಟ್ಟಿದವರು ಸ್ಪೀಸ್ ಎಂದು ಒಂದೇ ಮಾತಿನಲ್ಲಿ ಮುಗಿಸುವವರಿದ್ದಾರೆ. ನನಗದು ಒಪ್ಪಿಗೆಯಿಲ್ಲ. ತಾಳ ಬಾಲಿಯದು, ಕೊರಳು ಬಾಲಿಯದು, ಬಾರಿಸ್ ಬಾಲಿಯದು, ರಾಮಾಯಣವೂ ಅಲ್ಲಿ ಶತಮಾನಗಳಿಂದ ಮನೆಮಾತು. ಸ್ಪೀಸ್ ಅವರದು ಹೊರಗಿನವನ ಕಣ್ಣು. ಯಾವುದನ್ನು ಯಾವುದರ ಪಕ್ಕಕ್ಕಿಟ್ಟರೆ ಚೆನ್ನ ಎಂದು ಅದಕ್ಕೆ ಕಂಡಿತು. ಅದು ಸಣ್ಣ ಕೊಡುಗೆಯೇನಲ್ಲ. ಎರಡನೆಯ ಮಹಾಯುದ್ಧದಲ್ಲಿ ಡಚ್ಚರು ಜರ್ಮನ್ನರನ್ನು ಸೆರೆಹಿಡಿದಾಗ ಅವರೂ ಸಿಕ್ಕಿಬಿದ್ದರು. 1942ರ ಜನವರಿಯಲ್ಲಿ ಸೆರೆಯಾಳುಗಳನ್ನು ಸಾಗಿಸುತ್ತಿದ್ದ ಹಡಗು ಜಪಾನಿನ ಬಾಂಬಿಗೆ ಮುಳುಗಿದಾಗ ಸ್ಪೀಸ್ ತೀರಿಕೊಂಡರು. ಲಿಂಬಾಕ್ 2003ರವರೆಗೂ ಬದುಕಿದ್ದರು.

ಪ್ರವಾಸಿಗರು ಹೆಚ್ಚಾದಂತೆ ಬಾಲಿಯವರಿಗೆ ಒಂದು ಕಳವಳ ಹುಟ್ಟಿತು: ದೇವರ ಮುಂದಿನ ಕುಣಿತವನ್ನು ಹೋಟೆಲಿನ ಊಟದ ಮುಂದೆ ಕುಣಿಯುವುದೇ? 1971ರಲ್ಲಿ ಡೆನ್‌ಪಸಾರಿನಲ್ಲಿ ವಿದ್ವಾಂಸರು, ಕಲಾವಿದರು ಸೇರಿ ಇದನ್ನೇ ಚರ್ಚಿಸಿ ಕುಣಿತಗಳನ್ನು ಮೂರು ಬಗೆಯಾಗಿ ವಿಂಗಡಿಸಿದರು. ಗುಡಿಯ ಒಳಾವರಣದಲ್ಲಿ ನಡೆಯುವುದು ‘ವಾಲಿ’, ಪೂಜೆಗೆ ಜೊತೆಯಾಗುವುದು ‘ಬೆಬಾಲಿ’, ನೋಡುಗರ ರಂಜನೆಗೆ ‘ಬಾಲಿಹ್-ಬಾಲಿಹಾನ್’. ಗೆರೆ ಎಳೆದಷ್ಟು ಸುಲಭವಾಗಿ ಕುಣಿತಗಳು ಅದರೊಳಗೆ ನಿಲ್ಲಲಿಲ್ಲ. ಆದರೂ ಏನನ್ನು ತೋರಿಸಬೇಕು, ಏನನ್ನು ತಮಗಾಗಿ ಉಳಿಸಿಕೊಳ್ಳಬೇಕು ಎಂದು ಒಂದು ಸಮಾಜ ಕೂತು ಮಾತಾಡಿಕೊಂಡದ್ದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಕೆಚಾಕ್ ನೋಡುಗರ ಪಾಲಿಗೆ ಬಂತು. ಆದರೆ ಕುಣಿಯುವವರು ಬಾಡಿಗೆಯವರಲ್ಲ. ಹಲವು ತಂಡಗಳು ಒಂದೊಂದು ‘ಬಂಜಾರ್’ಗೆ, ಎಂದರೆ ಕೇರಿಗೆ ಸೇರಿದವು. ಹಗಲು ಅವರವರ ಕೆಲಸ, ಸಂಜೆ ಪೊಲೆಂಗ್. ಟಿಕೆಟ್ಟಿನ ಹಣದಲ್ಲಿ ಒಂದು ಪಾಲು ಕೇರಿಗೆ, ಗುಡಿಗೆ ಹೋಗುತ್ತದೆ. ಮೊದಲು ಗಂಡಸರದ್ದೇ ಆಗಿದ್ದ ಮೇಳದಲ್ಲಿ ಈಗ ಹೆಂಗಸರ ತಂಡಗಳೂ ಇವೆ.

2015ರಲ್ಲಿ ಯುನೆಸ್ಕೊ ಬಾಲಿಯ ಒಂಬತ್ತು ಕುಣಿತಗಳನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಅದರಲ್ಲಿ ಸಂಘ್ಯಾಂಗ್ ದೆದಾರಿ ಇದೆ, ಕೆಚಾಕ್ ಇಲ್ಲ. ಆದರೂ ಉಲುವಾಟುವಿನಲ್ಲಿ ಹೊತ್ತು ಕಂತುತ್ತಿದ್ದಂತೆ ದೀಪ ಹಚ್ಚುತ್ತಾರೆ. ಹನುಮಂತ ಸುತ್ತಲಿನ ಬೆಂಕಿಯನ್ನು ಒದ್ದು ಹಾರುತ್ತಾನೆ. ಕಿಡಿ ಚಿಮ್ಮಿದ ಕಡೆ ಮುಂದಿನ ಸಾಲಿನವರು ಕಾಲು ಹಿಂದಕ್ಕೆಳೆದುಕೊಳ್ಳುತ್ತಾರೆ, ಮೇಳದ ಒಂದು ‘ಚಾಕ್’ ಕೂಡ ತಪ್ಪುವುದಿಲ್ಲ.