ಸಂದಿನೊಳಗಿನ ಸರಳು

ವಿಜಯಪುರದಿಂದ ಧರ್ಮಸ್ಥಳದ ಯಾತ್ರೆಗೆ ಹೊರಟ ಕುಟುಂಬವು ಹಾಸನ, ಸಕಲೇಶಪುರಗಳನ್ನು ದಾಟಿ ಶಿರಾಡಿ ಘಟ್ಟವನ್ನು ಇಳಿಯುವುದು ಕಾಂಕ್ರೀಟು ರಸ್ತೆಯ ಮೇಲೆ. ಮಳೆಗಾಲ ಬಂತೆಂದರೆ ಹೊಂಡಮಯವಾಗುತ್ತಿದ್ದ ಈ ದಾರಿಗೆ 2015 ಮತ್ತು 2018ರಲ್ಲಿ, ತಿಂಗಳುಗಟ್ಟಲೆ ಸಂಚಾರವನ್ನು ತಡೆದು, ಕಾಂಕ್ರೀಟು ಹಾಸಲಾಯಿತು. ಇಂಥ ರಸ್ತೆಯ ಆಯುಸ್ಸು ಯಾರ ಕಣ್ಣಿಗೂ ಬೀಳದ ಕೆಲವು ಉಕ್ಕಿನ ಸರಳುಗಳನ್ನು ಅವಲಂಬಿಸಿದೆಯೆಂದರೆ ಅಚ್ಚರಿಯಾದೀತು.

ಕಾಂಕ್ರೀಟು ಬಿಸಿಲಿಗೆ ಹಿಗ್ಗುತ್ತದೆ, ತಂಪಿಗೆ ಕುಗ್ಗುತ್ತದೆ. ನಾಲ್ಕೂವರೆ ಮೀಟರು ಉದ್ದದ ಹಾಸು 20 ಡಿಗ್ರಿಗಳಷ್ಟು ತಣ್ಣಗಾದರೆ ಸುಮಾರು ಒಂದು ಮಿಲಿಮೀಟರು ಕುಗ್ಗುವುದು. ಎಲ್ಲೆಂದರಲ್ಲಿ ಬಿರುಕು ಬಿಡದಿರಲೆಂದು ರಸ್ತೆಯನ್ನು ಅಲ್ಲಲ್ಲಿ ಅಡ್ಡಲಾಗಿ ಕೊಯ್ದು ಸಂದುಗಳನ್ನು ಮಾಡುತ್ತಾರೆ. ಆದರೆ ತುಂಬಿದ ಲಾರಿಯ ಗಾಲಿ ಸಂದಿನ ಅಂಚಿಗೆ ಬಂದಾಗ ಒಂದು ಹಾಸು ತಗ್ಗಿ, ಮುಂದಿನದು ಹಾಗೆಯೇ ನಿಂತರೆ ಗತಿಯೇನು? ಅದಕ್ಕಾಗಿಯೇ ಡೋವೆಲ್ ಸರಳು. ಸುಮಾರು ಅರ್ಧ ಮೀಟರು ಉದ್ದದ ಈ ನುಣುಪಾದ ಸರಳುಗಳು ಸಾಮಾನ್ಯವಾಗಿ 30 ಸೆಂಟಿಮೀಟರಿಗೊಂದರಂತೆ, ಹಾಸಿನ ದಪ್ಪದ ನಡುವೆ, ಸಂದನ್ನು ಹಾದು ಮಲಗಿರುತ್ತವೆ. ಭಾರವನ್ನು ಒಂದು ಹಾಸಿನಿಂದ ಇನ್ನೊಂದಕ್ಕೆ ದಾಟಿಸುವುದು ಅವುಗಳ ಒಂದು ಕೆಲಸ. ಹಾಸುಗಳು ಸರಿದಾಡಲು ಬಿಡುವುದು ಇನ್ನೊಂದು. ಕಾಂಕ್ರೀಟು ಬಿಗಿಯಾಗಿ ಹಿಡಿಯದಿರಲೆಂದು ಸರಳಿನ ಒಂದು ಬದಿಗೆ ಪ್ಲಾಸ್ಟಿಕ್ಕಿನ ಕವಚ ತೊಡಿಸುವುದೂ ಉಂಟು. ಅಮೆರಿಕದ ವರ್ಜೀನಿಯಾದಲ್ಲಿ 1917-18ರಷ್ಟು ಹಿಂದೆಯೇ ಎರಡು ಸೇನಾ ಶಿಬಿರಗಳ ನಡುವಣ ರಸ್ತೆಯಲ್ಲಿ ಈ ಉಪಾಯವನ್ನು ಬಳಸಿದ್ದರು.

ಮೇಜಿನ ಸೆಳೆಖಾನೆಯನ್ನು ನೋಡಿರಿ. ಎರಡೂ ಪಕ್ಕಗಳು ಸಮಾನಾಂತರವಾಗಿದ್ದರೆ ಅದು ಸಲೀಸಾಗಿ ಜಾರುತ್ತದೆ. ಒಂದು ಕೊಂಚ ಓರೆಯಾದರೂ ಸಿಕ್ಕಿಹಾಕಿಕೊಳ್ಳುತ್ತದೆ. ಸರಳುಗಳ ಕಥೆಯೂ ಇದೇ. ಒಂದು ಎಡಕ್ಕೂ ಮತ್ತೊಂದು ಬಲಕ್ಕೂ ವಾಲಿದರೆ ಸಂದು ಬಿಗಿದುಕೊಳ್ಳುವುದು. ಕುಗ್ಗಲೆಳಸುವ ಹಾಸು ಆಗ ಬೇರೆಡೆ ಬಿರಿಯುತ್ತದೆ. ಪಕ್ಕದ ಸಂದು ಅಗತ್ಯಕ್ಕಿಂತ ಹೆಚ್ಚು ಬಾಯ್ದೆರೆದು ಮಳೆನೀರಿಗೆ ದಾರಿಯಾಗುತ್ತದೆ. ಸರಳು ಮೇಲ್ಮೈಗೆ ತೀರ ಸಮೀಪವಿದ್ದರೆ ಅಂಚು ಚಕ್ಕೆಯೇಳುತ್ತದೆ. ಉದ್ದಕ್ಕೆ ಸರಿದು ಒಂದೇ ಹಾಸಿನಲ್ಲಿ ಹೆಚ್ಚಾಗಿ ಹುದುಗಿದರೆ ಭಾರ ದಾಟದೆ ಸಂದಿನಲ್ಲಿ ಮೆಟ್ಟಿಲು ಮೂಡುತ್ತದೆ. ಆದ್ದರಿಂದಲೇ 300 ಮಿಲಿಮೀಟರು ಉದ್ದಕ್ಕೆ ಎರಡು ಮೂರು ಮಿಲಿಮೀಟರಿಗಿಂತ ಹೆಚ್ಚಿನ ಓರೆಯನ್ನು ನಮ್ಮ ಹೆದ್ದಾರಿಯ ನಿಯಮಗಳು ಒಪ್ಪುವುದಿಲ್ಲ.

ಈ ತಪ್ಪು ಆಗುವುದು ಹೇಗೆ? ಸರಳುಗಳನ್ನು ಹೊತ್ತ ಕಂಬಿಯ ಚೌಕಟ್ಟನ್ನು ಕೆಳಗಿನ ಪದರಕ್ಕೆ ಭದ್ರವಾಗಿ ಬಿಗಿಯದಿದ್ದರೆ, ಮೇಲೆ ಸುರಿಯುವ ಕಾಂಕ್ರೀಟಿನ ನೂಕಿಗೆ ಅದು ಜರುಗುತ್ತದೆ. ಕಾಂಕ್ರೀಟು ಹಸಿಯಾಗಿರುವಾಗ ಕಂಡರೆ ತಿದ್ದುವುದು ಸುಲಭ. ಗಟ್ಟಿಯಾದ ಬಳಿಕ ಕಾಂತಶಕ್ತಿಯ ಉಪಕರಣವೇ ಸರಳಿನ ನೆಲೆಯನ್ನು ಹೇಳಬೇಕು. ದುರಸ್ತಿಗೆ ಹಾಸನ್ನು ಕೊಯ್ಯಬೇಕು, ದಾರಿಯನ್ನು ಮತ್ತೆ ಮುಚ್ಚಬೇಕು. ಘಟ್ಟ ಮುಚ್ಚಿದರೆ ಯಾತ್ರಿಕರು, ಮಂಗಳೂರಿನ ಸರಕು, ಆಸ್ಪತ್ರೆಗೆ ಧಾವಿಸುವ ರೋಗಿ, ಎಲ್ಲರೂ ಬಳಸುದಾರಿ ಹಿಡಿಯಬೇಕಾಗುತ್ತದೆ. ಆ ಕಷ್ಟವನ್ನು ತಪ್ಪಿಸುವುದು, ಕಾಂಕ್ರೀಟು ಸುರಿಯುವ ಮುನ್ನ ಸರಳಿನ ಓರೆಯನ್ನು ಬಗ್ಗಿ ಅಳೆದು ನೋಡುವ ಕೆಲಸಗಾರನ ಎಚ್ಚರ.